ಮೂವರಿಗೆ ಮೂರು ದಿನಾಂಕ

ಶಿವಮೊಗ್ಗದಲ್ಲಿ ಕೌನ್ಸೆಲಿಂಗ್ ಮಾಡುವ ನನ್ನ ಹತ್ತಿರ ಜನವರಿ ಕೊನೆಯ ವಾರ ಟೀಚರ್ ಒಬ್ಬರು ಬಂದರು. ಹೊಸನಗರ ಕಡೆಯವರು, ವಯಸ್ಸು 34. ಕುವೆಂಪು ವಿಶ್ವವಿದ್ಯಾಲಯದಲ್ಲಿ ಗಣಿತ ಎಂ.ಎಸ್ಸಿ. ಮಾಡಿ, ಆಮೇಲೆ ಬಿ.ಇಡಿ. ಮುಗಿಸಿದವರು. ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಪಾಠ ಮಾಡಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರು ಬರೀ ಟೀಚರ್.

"ಮೇಡಂ, ದಿನಾ ಮೂರು ಗಂಟೆಗೆ ಎಚ್ಚರ ಆಗುತ್ತೆ. ಎದೆ ಮೇಲೆ ಯಾರೋ ಕೂತ ಹಾಗೆ. ಆಮೇಲೆ ನಿದ್ದೆ ಇಲ್ಲ" ಅಂದರು. ಡಾಕ್ಟರಿಗೆ ತೋರಿಸಿದ್ದೀರಾ ಅಂತ ಕೇಳಿದೆ. ಇಸಿಜಿ, ಬಿಪಿ ಎಲ್ಲ ನೋಡಿ ಆಗಿತ್ತು, ಸರಿ ಇತ್ತು. ಎದೆ ಬಿಗಿತ ಅಂದ ಕೂಡಲೇ ಮನಸ್ಸಿನ ತೊಂದರೆ ಅಂತ ತೀರ್ಮಾನ ಮಾಡಬಾರದು. ಅದಕ್ಕೇ ಮೊದಲು ಈ ಪ್ರಶ್ನೆ.

ದುಬೈಯ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಏಪ್ರಿಲ್‌ಗೆ ಸೇರಬೇಕು. ಗಂಡ ತೋಟ ನೋಡಿಕೊಳ್ಳುತ್ತಾರೆ. ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ಫಸಲು ಅರ್ಧಕ್ಕೆ ಇಳಿದಿದೆ, ಸೊಸೈಟಿ ಸಾಲ ಬೆಳೆದಿದೆ. ಮನೆಯಲ್ಲಿ ಅತ್ತೆ ಮತ್ತು ಎರಡನೇ ಕ್ಲಾಸಿನ ಮಗಳು ಪುಟ್ಟಿ.

ಟೀಚರ್ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ತಾನಿಲ್ಲದಾಗ ಮನೆ ನಡೆಯಲಿ ಅಂತ ಬರೆದಿಟ್ಟಿದ್ದು. ಗ್ಯಾಸ್ ಬುಕ್ ಮಾಡುವ ನಂಬರ್, ಅತ್ತೆಯ ಮಾತ್ರೆ ಮುಗಿಯುವ ದಿನ, ಹಾಲಿನವರ ಲೆಕ್ಕ. "ಪುಟ್ಟಿಗೆ ಉದ್ದಿನ ದೋಸೆ ಸೇರಲ್ಲ, ನೀರ್ದೋಸೆ ಆದರೆ ಮೂರು ತಿಂತಾಳೆ." "ಅಪ್ಪೆಮಿಡಿ ಜಾಡಿಗೆ ಒದ್ದೆ ಚಮಚ ಹಾಕಬೇಡಿ." ಒಂದೊಂದು ಸಾಲೂ ದುಂಡು ಅಕ್ಷರ, ಕೆಂಪು ಪೆನ್ನಿನಲ್ಲಿ ಅಡಿಗೆರೆ.

ಓದಿ ಮುಗಿಸಿ ಕೇಳಿದೆ, "ವಾಪಸ್ ಬರೋ ದಿನ ಎಲ್ಲಿ ಬರೆದಿದ್ದೀರಿ?"

ಅವರು ಮಾತಾಡಲಿಲ್ಲ. ಒಂದು ಹಾಳೆ ಕೊಟ್ಟು, ಯಾರಿಗೆ ಏನು ಹೇಳಿದ್ದೀರೋ ಅದನ್ನಷ್ಟೇ ಬರೆಯಿರಿ ಅಂದೆ. ಗಂಡನಿಗೆ: ಎರಡು ವರ್ಷ, ಆಮೇಲೆ ನೋಡೋಣ. ಅತ್ತೆಗೆ: ಒಂದೇ ವರ್ಷ, ಸಾಲ ತೀರಿದ ತಕ್ಷಣ ಬಂದುಬಿಡ್ತೀನಿ. ಪುಟ್ಟಿಗೆ: ಮಾವಿನಹಣ್ಣು ಮುಗಿಯೋದ್ರೊಳಗೆ ಬರ್ತೀನಿ.

"ಸುಳ್ಳು ಹೇಳ್ಬೇಕು ಅಂತಲ್ಲ ಮೇಡಂ. ಅವರವರಿಗೆ ಎಷ್ಟು ತಡ್ಕೊಳ್ಳೋಕೆ ಆಗುತ್ತೋ ಅಷ್ಟು ಹೇಳಿದೆ."

ಹೋಗುವ ಭಯ ಅವರಿಗೆ ಇತ್ತು, ಅದು ಸಹಜ. ಆದರೆ ಮೂರು ಗಂಟೆಗೆ ಎಬ್ಬಿಸುತ್ತಿದ್ದದ್ದು ಈ ಹಾಳೆ ಅಂತ ನನಗೆ ಅನಿಸಿತು. ಯಾರ ಮುಂದೆ ಯಾವ ಮಾತು ಆಡಬಾರದು ಅಂತ ಹಗಲೆಲ್ಲ ಎಚ್ಚರವಾಗಿರಬೇಕಿತ್ತು. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತರೆ ಕೈ ನಡುಗುತ್ತದೆ ಅಂತ ಅವರೇ ಹೇಳಿದರು.

ಹೋಗಿ ಅಂತಾಗಲಿ, ಬೇಡ ಅಂತಾಗಲಿ ನಾನು ಹೇಳಲಿಲ್ಲ. ಅದು ಅವರ ಮನೆಯ ತೀರ್ಮಾನ. ಒಂದು ಕೆಲಸ ಮಾತ್ರ ಮಾಡಿಸಿದೆ. ಇಲ್ಲಿನ ಶಾಲೆಯ ರಜೆ, ಅಲ್ಲಿನ ಶಾಲೆಯ ರಜೆ, ಎರಡನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಸಿದೆ. ದುಬೈಯ ಸಿಬಿಎಸ್‌ಇ ಶಾಲೆಗಳಲ್ಲಿ ಏಪ್ರಿಲ್‌ಗೆ ಹೊಸ ತರಗತಿ ಶುರು, ದೊಡ್ಡ ರಜೆ ಜುಲೈ-ಆಗಸ್ಟ್‌ನಲ್ಲಿ. ನಮ್ಮಲ್ಲಿ ದೊಡ್ಡ ರಜೆ ಏಪ್ರಿಲ್-ಮೇ. ಪುಟ್ಟಿಗೆ ರಜೆ ಇರುವಾಗ ಅಮ್ಮನಿಗೆ ಪಾಠ. ಅಮ್ಮ ಬರುವಾಗ ಪುಟ್ಟಿಗೆ ಸ್ಕೂಲು. ಮಾವಿನಹಣ್ಣು ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ.

ಟೀಚರ್ ಅತ್ತುಬಿಟ್ಟರು. "ಜುಲೈನಲ್ಲಿ ನಿಮ್ಮ ಕಡೆ ಮಳೆ ರಜೆ ಒಂದಷ್ಟು ಸಿಗುತ್ತೆ ಅಲ್ವಾ" ಅಂದೆ. ಅಳುತ್ತಲೇ ನಕ್ಕರು.

ಎರಡನೇ ಸಲ ಗಂಡನೂ ಬಂದರು. ಕೊಯ್ಲಿನ ಸಮಯ, ಬೆರಳಿಗೆಲ್ಲ ಅಡಿಕೆ ಚೊಗರು ಹತ್ತಿತ್ತು. ಸುಮಾರು ಹೊತ್ತು ಆ ಬೆರಳುಗಳನ್ನೇ ನೋಡುತ್ತ ಕೂತಿದ್ದರು. ಆಮೇಲೆ, "ಹೋಗು ಅಂತ ನಾನೇ ಹೇಳಿದ್ದು ಮೇಡಂ. ಈಗ ಹೆದರಿಕೆ ಆಗ್ತಿದೆ ಅಂತ ಹೇಳೋಕೆ ಮುಖ ಇಲ್ಲ" ಅಂದರು. ಟೀಚರ್ ಅವರ ಕಡೆ ತಿರುಗಿ ನೋಡಿದರು. ಇಬ್ಬರಿಗೂ ಹೆದರಿಕೆ ಇದೆ ಅಂತ ಇಬ್ಬರಿಗೂ ಗೊತ್ತಾಗಿದ್ದು ಆಗಲೇ.

ಅವತ್ತು ಕಾಗದಪತ್ರದ ಮಾತೂ ಬಂತು. ಏಜೆಂಟ್ ಒಬ್ಬರು ಒಂದೂವರೆ ಲಕ್ಷ ಕೇಳಿದ್ದರು. ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ ಅಂದಿದ್ದರು. ಒಡವೆ ಅಡ ಇಡಲು ಟೀಚರ್ ತಯಾರಾಗಿದ್ದರು. ಇದಕ್ಕೆ ನಾನು ಖಡಾಖಂಡಿತವಾಗಿ ಬೇಡ ಅಂದೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಏಜೆಂಟ್ ನೋಂದಾಯಿತರೋ ಅಲ್ಲವೋ ಅಂತ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ನೇಮಕಾತಿ ಖರ್ಚನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ ಅಂತ ಆ ದೇಶದ ಕಾರ್ಮಿಕ ಕಾನೂನೇ ಹೇಳುತ್ತದೆ. ಟೀಚರ್ ಶಾಲೆಗೇ ನೇರವಾಗಿ ಮೇಲ್ ಬರೆದರು. ಎಂಪ್ಲಾಯ್‌ಮೆಂಟ್ ವೀಸಾ ನಾವೇ ಮಾಡಿಸುತ್ತೇವೆ ಅಂತ ಉತ್ತರ ಬಂತು. ಒಡವೆ ಮನೆಯಲ್ಲೇ ಉಳಿಯಿತು.

ಪದವಿ ಪ್ರಮಾಣಪತ್ರಕ್ಕೆ ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ, ಕೊನೆಗೆ ಯುಎಇ ರಾಯಭಾರ ಕಚೇರಿಯಲ್ಲಿ ದೃಢೀಕರಣ ಆಗಬೇಕು. ಪೊಲೀಸ್ ಕ್ಲಿಯರೆನ್ಸ್ ಬೇರೆ. ಇದನ್ನೆಲ್ಲ ಕೊನೆ ವಾರಕ್ಕೆ ಇಟ್ಟುಕೊಂಡರೆ ನಿದ್ದೆ ಇನ್ನೂ ಕೆಡುತ್ತದೆ. ಸಂಬಳದಲ್ಲಿ ಬೇಸಿಕ್ ಎಷ್ಟು, ಮನೆ ಬಾಡಿಗೆ ಯಾರು ಕೊಡುತ್ತಾರೆ ಅಂತ ಬರಹದಲ್ಲಿ ಕೇಳಿ ಅಂದೆ. ಅಲ್ಲಿನ ಕಾನೂನಿನ ಪ್ರಕಾರ ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮುಂಚಿನ ಪರೀಕ್ಷಾ ಅವಧಿ, 6 ತಿಂಗಳು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ಊರಿಗೆ ಬರುವುದಾದರೆ 14 ದಿನ ಮುಂಚೆ ಲಿಖಿತವಾಗಿ ತಿಳಿಸಿದರೆ ಸಾಕು. ಇದು ಗೊತ್ತಾದಾಗ ಟೀಚರ್ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ವಾಪಸ್ ಬರುವ ದಾರಿ ಯಾವುದು ಅಂತ ತಿಳಿದುಕೊಂಡವರು ಹೆಚ್ಚು ದಿನ ನಿಲ್ಲುತ್ತಾರೆ. ನನ್ನ ಅನುಭವದಲ್ಲಿ ಹಾಗೆ.

ಇನ್ನು ಪುಟ್ಟಿ. ಕೆಲವು ವಾರಗಳಿಂದ ಅವಳು ಮಲಗುವ ಮುಂಚೆ ದಿನಾ ಕೇಳುತ್ತಿದ್ದಳು, "ನಾಳೆ ಬೆಳಿಗ್ಗೆ ನೀನು ಇರ್ತೀಯಾ?" ಯಾರೂ ಅವಳಿಗೆ ಸರಿಯಾಗಿ ಹೇಳಿರಲಿಲ್ಲ, ಆದರೆ ಪಿಸುಮಾತು ಅವಳ ಕಿವಿಗೂ ಬಿದ್ದಿತ್ತು. ಮಗು ಮಲಗಿದ ಮೇಲೆ ರಾತ್ರಿ ರೈಲಿಗೆ ಹೊರಟುಬಿಡು, ಅತ್ತರೆ ನೋಡೋಕಾಗಲ್ಲ ಅಂತ ಅತ್ತೆಯ ಸಲಹೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಎಷ್ಟೋ ಮನೆಗಳಲ್ಲಿ ಇದನ್ನೇ ಮಾಡಿ, ಆಮೇಲೆ ಮಗು ರಾತ್ರಿ ಮಲಗಲ್ಲ ಅಂತ ನಮ್ಮ ಹತ್ತಿರ ಬರುತ್ತಾರೆ. ಕಣ್ಣು ಮುಚ್ಚಿದರೆ ಯಾರೋ ಹೋಗಿಬಿಡುತ್ತಾರೆ ಅಂತ ಆ ಮಗುವಿಗೆ ಅನಿಸಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅಳಲಿ. ಎದುರಿಗೇ ಅಳಲಿ.

ಅಪ್ಪ, ಅಮ್ಮ ಇಬ್ಬರೂ ಜೊತೆಗೆ ಕೂತು ಹೇಳಬೇಕು ಅಂದೆ. "ಅಮ್ಮ ಪಾಠ ಮಾಡೋಕೆ ದೂರ ಹೋಗ್ತಾಳೆ. ಜುಲೈನಲ್ಲಿ ಬರ್ತಾಳೆ. ಮತ್ತೆ ಹೋಗ್ತಾಳೆ. ಅಲ್ಲಿವರೆಗೆ ಜಡೆ ಹಾಕೋದು ಅಜ್ಜಿ, ಸ್ಕೂಲಿಗೆ ಬಿಡೋದು ಅಪ್ಪ." ಮತ್ತೆ ಹೋಗ್ತಾಳೆ ಅನ್ನೋದನ್ನು ಬಿಡಬೇಡಿ ಅಂತ ಒತ್ತಿ ಹೇಳಿದೆ. "ನಿನಗೋಸ್ಕರಾನೇ ಹೋಗ್ತಿರೋದು" ಅನ್ನಬೇಡಿ, ಆ ಭಾರ ಮಗುವಿನ ಮೇಲೆ ಬೇಡ.

ಫೋನಿಗೂ ಒಂದು ಹೊತ್ತು ಗೊತ್ತು ಮಾಡಿದೆವು. ಇಲ್ಲಿ ರಾತ್ರಿ 8 ಅಂದರೆ ಅಲ್ಲಿ ಸಂಜೆ 6.30. ಯುಎಇಯಲ್ಲಿ ವಾಟ್ಸಾಪ್ ಕರೆಗೆ ನಿರ್ಬಂಧ ಇರುವುದರಿಂದ, ಅಲ್ಲಿ ಅನುಮತಿ ಇರುವ ಬೋಟಿಮ್ ಆ್ಯಪ್ ಅನ್ನು ಹೊರಡುವ ಮುಂಚೆಯೇ ಹಾಕಿಕೊಂಡು, ತೋಟದಿಂದ ಮನೆಗೆ ಕರೆ ಮಾಡಿ ನೋಡಿದರು. ಮಳೆಗಾಲದಲ್ಲಿ ಕರೆಂಟೂ ಹೋಗುತ್ತೆ, ನೆಟ್‌ವರ್ಕೂ ಹೋಗುತ್ತೆ. ಕರೆ ಬರದ ದಿನ ಯಾರೂ ಗಾಬರಿ ಆಗಬಾರದು, ಮರುದಿನ ಬೆಳಿಗ್ಗೆ ಒಂದು ಮೆಸೇಜ್ ಅಂತ ಮಾತಾಯಿತು. ಪುಟ್ಟಿ ಮಾತಾಡಲ್ಲ ಅಂತ ಓಡಿಹೋದರೆ ಎಳೆದು ತರಬೇಡಿ, ಆಟ ಆಡುತ್ತಿರುವುದನ್ನು ತೋರಿಸಿದರೂ ಸಾಕು ಅಂದೆ.

ನಿದ್ದೆ ಹೀಗೇ ಮುಂದುವರಿದರೆ ಮನೋವೈದ್ಯರನ್ನು ನೋಡಬೇಕು ಅಂತಲೂ ಹೇಳಿ, ಟೆಲಿ-ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ. ಅದರ ಅಗತ್ಯ ಬರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಿ ಮೂರು ವಾರ ಆದಾಗ, ಎಚ್ಚರ ಆದರೂ ಮತ್ತೆ ನಿದ್ದೆ ಬರುತ್ತೆ ಅಂದರು. ಅತ್ತೆ ಮಾತ್ರ ಎರಡು ದಿನ ಮಾತು ಬಿಟ್ಟಿದ್ದರು. ಮೂರನೇ ದಿನ ಜಗಲಿಯಲ್ಲಿ ಕೂತು, "ಗೌರಿ ಹಬ್ಬಕ್ಕೂ ಬರಲ್ವಾ?" ಅಂತ ಕೇಳಿದರಂತೆ. "ಇಲ್ಲ ಅತ್ತೆ, ಅಷ್ಟರಲ್ಲಿ ಸ್ಕೂಲು ಶುರು ಆಗಿರುತ್ತೆ" ಅಂತ ಟೀಚರ್ ಇದ್ದದ್ದನ್ನೇ ಹೇಳಿದರು.

ಹೊರಟಿದ್ದು ಬೆಳಗಿನ ಬಸ್ಸಿಗೆ. ಪುಟ್ಟಿ ಬಸ್ ಸ್ಟಾಪಿನಲ್ಲಿ ಜೋರಾಗಿ ಅತ್ತಳು. ಜುಲೈನಲ್ಲಿ ಅಮ್ಮ ಬಂದಾಗ ನಾಲ್ಕು ದಿನ ಮಳೆ ರಜೆ ಸಿಕ್ಕಿತು.

ಮುಂದಿನ ವರ್ಷದ ವಿಷಯ ದೀಪಾವಳಿಗೆ ಮಾತಾಡೋಣ ಅಂತ ಹೊರಡುವ ಮುಂಚೆಯೇ ಗೊತ್ತು ಮಾಡಿಕೊಂಡಿದ್ದರು. ಹಾಗೇ ಮಾತಾಡಿದ್ದಾರೆ. ಇನ್ನೊಂದು ವರ್ಷ ಅಲ್ಲಿರುವುದು ಅಂತ ಗಂಡ-ಹೆಂಡತಿ ತೀರ್ಮಾನಿಸಿದ್ದಾರೆ. ಅತ್ತೆಗೆ ಒಪ್ಪಿಗೆ ಇಲ್ಲ. ಇಲ್ಲ ಅಂತ ಫೋನಿನಲ್ಲಿ ನೇರವಾಗಿ ಸೊಸೆಗೇ ಹೇಳಿದ್ದಾರೆ.