ರಸ್ತೆ ಅಗಲ ಮಾಡದೆ ಪೀಕ್ ಅವರ್ ಜಾಮ್ ಕಡಿಮೆ ಮಾಡಬಹುದಾ?
ಮಾಡಬಹುದು. 1969ರಲ್ಲೇ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಇದಕ್ಕೊಂದು ಮಾದರಿ ಕೊಟ್ಟಿದ್ದರು. ಎಲ್ಲರೂ ಒಂಬತ್ತಕ್ಕೇ ಆಫೀಸ್ ಸೇರಬೇಕು, ದಾರಿಯಲ್ಲಿ ಕಿರಿದಾದ ಸೇತುವೆಯೊಂದಿದೆ ಅಂದುಕೊಳ್ಳಿ. ಬೇಗ ಹೊರಟವರು ಆಫೀಸಿನಲ್ಲಿ ಸುಮ್ನೆ ಕೂರಬೇಕು, ಸರಿಯಾಗಿ ಒಂಬತ್ತಕ್ಕೆ ತಲುಪುವವರು ಸಾಲಿನಲ್ಲಿ ಎಲ್ಲರಿಗಿಂತ ಜಾಸ್ತಿ ಕಾಯಬೇಕು. ಕಾದ ಆ ಹೊತ್ತು ಯಾರಿಗೂ ದಕ್ಕುವುದಿಲ್ಲ, ಅಲ್ವಾ? ಅದರ ಬದಲು ಗಂಟೆಗೆ ತಕ್ಕಂತೆ ಏರಿಳಿಯುವ ಟೋಲ್ ಹಾಕಿದರೆ ಜನ ತಾವಾಗಿಯೇ ಹಿಂದೆಮುಂದೆ ಹೊರಡುತ್ತಾರೆ, ಸಾಲೇ ಕರಗುತ್ತದೆ ಅನ್ನುತ್ತದೆ ಆ ಲೆಕ್ಕ.

ಸ್ಟಾಕ್‌ಹೋಮ್ 2006ರ ಜನವರಿಯಲ್ಲಿ ಇಂಥದ್ದನ್ನು ಪರೀಕ್ಷಿಸಿತು: ಪೀಕ್ ಹೊತ್ತಿನಲ್ಲಿ 20 ಕ್ರೋನ (ಸ್ವೀಡನ್ನಿನ ಹಣ) ಟೋಲ್, ರಾತ್ರಿ ಉಚಿತ. ನಗರದೊಳಗೆ ಹೋಗಿಬರುವ ವಾಹನಗಳು ಸುಮಾರು 20% ಇಳಿದವು. ಜುಲೈ ಕೊನೆಗೆ ನಿಲ್ಲಿಸಿದ್ದೇ ತಡ, ಟ್ರಾಫಿಕ್ ಮತ್ತೆ ಏರಿತು. 2007ರ ಆಗಸ್ಟ್‌ನಿಂದ ಖಾಯಂ ಮಾಡಿದರು. ಆದರೆ ಅವರು ಶುಲ್ಕಕ್ಕೂ ಮೊದಲೇ ಬಸ್ಸು ಹೆಚ್ಚಿಸಿದ್ದರು, ಅದನ್ನು ಬಿಟ್ಟು ಬರೀ ಟೋಲ್ ಹಾಕಿದರೆ ಬೈಗುಳವೇ ಗತಿ.