ಗಾರ್ಮೆಂಟ್ ಫ್ಯಾಕ್ಟರಿಯ ಹಳೆಯ ಮಷಿನ್‌ನಲ್ಲಿ ಲೆದರ್ ಹೊಲಿಯಬಹುದಾ? ಯಾವ ಮಷಿನ್ ಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು?

ನೀವು ಇಷ್ಟು ದಿನ ವಾಲೆಟ್, ಬೆಲ್ಟ್, ಬ್ಯಾಗ್ ಎಲ್ಲವನ್ನೂ ಕೈಯಲ್ಲೇ ಹೊಲಿಯುತ್ತಿದ್ದೀರಿ. ಈಗ ಆರ್ಡರ್ ಜಾಸ್ತಿ ಆಗಿವೆ. ಬಟ್ಟೆ ಹೊಲಿಯುವ ಫ್ಯಾಕ್ಟರಿಯಿಂದ ಬಂದ ಇಂಡಸ್ಟ್ರಿಯಲ್ ಮಷಿನ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ, ಅದಕ್ಕೆ ಒಳ್ಳೆಯ ಮೋಟರ್ ಹಾಕಿಸಿದರೆ ಲೆದರ್‌ಗೆ ಸಾಕಾಗುತ್ತದಾ ಎಂಬುದು ನಿಮ್ಮ ಪ್ರಶ್ನೆ. ನಾನು ಲೆದರ್ ಹೊಲಿಗೆಯಲ್ಲೇ ಇರುವವನು. ನನ್ನ ಮಷಿನ್‌ಗಳ ರಿಪೇರಿಯನ್ನೂ ನಾನೇ ಮಾಡಿಕೊಳ್ಳುತ್ತೇನೆ. ನೇರವಾಗಿ ಹೇಳುತ್ತೇನೆ: ಆ ಮಷಿನ್ ತೆಗೆದುಕೊಳ್ಳಬೇಡಿ. ಎಂಥ ಮೋಟರ್ ಹಾಕಿದರೂ ಅದು ಬಟ್ಟೆಯ ಮಷಿನ್ ಆಗಿಯೇ ಇರುತ್ತದೆ.

"ಇಂಡಸ್ಟ್ರಿಯಲ್" ಎಂದರೆ ದಿನವಿಡೀ ಓಡಿಸಬಹುದು ಎಂದಷ್ಟೇ ಅರ್ಥ, ದಪ್ಪ ಹೊಲಿಯುತ್ತದೆ ಎಂದಲ್ಲ. ಬಟ್ಟೆ ಫ್ಯಾಕ್ಟರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಜೂಕಿ ಡಿಡಿಎಲ್-8700 ಮಷಿನ್ನೇ ನೋಡಿ. ನಿಮಿಷಕ್ಕೆ 5,500 ಹೊಲಿಗೆವರೆಗೆ ಓಡುತ್ತದೆ. ತುಂಬಾ ಒಳ್ಳೆಯ ಮಷಿನ್. ಆದರೆ ಅದರಲ್ಲಿ ಬಟ್ಟೆಯನ್ನು ಮುಂದೆ ತಳ್ಳುವುದು ಕೆಳಗಿನ ಹಲ್ಲು ಮಾತ್ರ. ಮೇಲಿನ ಫುಟ್ ಸುಮ್ನೆ ಒತ್ತಿಕೊಂಡು ಕೂತಿರುತ್ತದೆ. ಲೆದರ್ ಆ ಫುಟ್‌ಗೆ ಅಂಟಿಕೊಳ್ಳುತ್ತದೆ, ಜಾರುವುದಿಲ್ಲ. ಹಾಗಾಗಿ ಕೆಳಪದರ ಮುಂದೆ ಹೋಗುತ್ತದೆ, ಮೇಲ್ಪದರ ಹಿಂದೆ ಉಳಿಯುತ್ತದೆ. ಹೊಲಿಗೆಯ ಉದ್ದವೂ ಒಂದೇ ಸಮ ಬರುವುದಿಲ್ಲ. ಎರಡು ಪದರದಿಂದ ನಾಲ್ಕು ಪದರಕ್ಕೆ ಹತ್ತುವ ಜಾಗ ಬಂತೆಂದರೆ ಫುಟ್ ಅಲ್ಲೇ ನಿಂತುಬಿಡುತ್ತದೆ.

ಲೆದರ್‌ಗೆ ಬೇಕಾದದ್ದು ವಾಕಿಂಗ್ ಫುಟ್ ಮಷಿನ್, ಅಂದರೆ ಒಳಗೊಂದು ಹೊರಗೊಂದು ಎಂದು ಎರಡು ಫುಟ್ ಇದ್ದು, ಅವು ನಡೆಯುವ ಹಾಗೆ ಎದ್ದು ಇಳಿಯುವ ಮಷಿನ್. ಅದರಲ್ಲೂ ಮೂರೂ ಕಡೆಯಿಂದ ಎಳೆಯುವ ಕಾಂಪೌಂಡ್ ಫೀಡ್ ಇರಬೇಕು. ಇದರಲ್ಲಿ ಸೂಜಿ ಲೆದರ್ ಒಳಗಿರುವಾಗಲೇ ಸೂಜಿ, ಒಳಗಿನ ಫುಟ್, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಲೆದರನ್ನು ಮುಂದೆ ಸಾಗಿಸುತ್ತವೆ. ಅವು ವಾಪಸ್ ಬರುವಾಗ ಹೊರಗಿನ ಫುಟ್ ಲೆದರನ್ನು ಅದುಮಿ ಹಿಡಿದಿರುತ್ತದೆ. ಸೂಜಿಯೇ ಎಲ್ಲ ಪದರಗಳನ್ನೂ ಚುಚ್ಚಿ ಹಿಡಿದು ಸಾಗಿಸುವುದರಿಂದ ಪದರಗಳು ಆಚೀಚೆ ಸರಿಯುವುದಿಲ್ಲ. ಮಾರುವವರು "ವಾಕಿಂಗ್ ಫುಟ್" ಎಂದು ಹೇಳಿದರೆ ಅಷ್ಟಕ್ಕೇ ನಂಬಬೇಡಿ. ಚಕ್ರವನ್ನು ಕೈಯಲ್ಲಿ ತಿರುಗಿಸಿ, ಸೂಜಿಯೂ ಹಿಂದೆ ಮುಂದೆ ಹೋಗುತ್ತದಾ ನೋಡಿ. ಸೂಜಿ ಬರೀ ಮೇಲೆ ಕೆಳಗೆ ಹೋದರೆ ಅದು ನಿಮಗೆ ಬೇಕಾದ ಮಷಿನ್ ಅಲ್ಲ.

ಇನ್ನು ಯಾವ ಮಷಿನ್ ಎಂಬ ಪ್ರಶ್ನೆ. ಎಲ್ಲರೂ ಬ್ರ್ಯಾಂಡ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ದಾರದಿಂದ. ನಿಮ್ಮ ಕೆಲಸಕ್ಕೆ ಯಾವ ದಪ್ಪದ ದಾರ ಬೇಕು ಎಂದು ಗೊತ್ತಾದರೆ ಸೂಜಿ ಗೊತ್ತಾಗುತ್ತದೆ. ಸೂಜಿ ಗೊತ್ತಾದರೆ ಆ ಸೂಜಿ ಹಿಡಿಯುವ ಮಷಿನ್ ಯಾವುದು ಎಂದು ತಾನಾಗಿಯೇ ಗೊತ್ತಾಗುತ್ತದೆ.

ದಾರದ ದಪ್ಪವನ್ನು ಟೆಕ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 1,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಟೆಕ್ಸ್. ತೆಳ್ಳಗಿನ ವಾಲೆಟ್‌ಗೆ ಟೆಕ್ಸ್ 70 ಚೆನ್ನಾಗಿ ಕಾಣುತ್ತದೆ. ಅದಕ್ಕೆ 18 ನಂಬರ್ ಸೂಜಿ, ಅಂದರೆ 110. ಬ್ಯಾಗ್‌ಗಳಿಗೆ ಟೆಕ್ಸ್ 90 ಅಥವಾ 135. ಟೆಕ್ಸ್ 135ಕ್ಕೆ 22 ಅಥವಾ 23 ನಂಬರ್ ಸೂಜಿ ಬೇಕು. ದಪ್ಪ ಬೆಲ್ಟ್, ಕುದುರೆ ಜೀನು, ಚಾಕುವಿನ ಒರೆಯಂಥ ಕೆಲಸಕ್ಕೆ ಟೆಕ್ಸ್ 210, 270 ಹಾಕುತ್ತಾರೆ. ಆಗ ಸೂಜಿ 24, 25ಕ್ಕೆ, ಅಂದರೆ 180, 200ಕ್ಕೆ ಹೋಗುತ್ತದೆ. 110, 200 ಎಂಬ ನಂಬರ್‌ಗಳು ಸೂಜಿಯ ದಪ್ಪವನ್ನೇ ಹೇಳುತ್ತವೆ: 110 ಎಂದರೆ 1.1 ಮಿಲಿಮೀಟರ್, 200 ಎಂದರೆ 2 ಮಿಲಿಮೀಟರ್.

ವಾಲೆಟ್ ಮತ್ತು ಬ್ಯಾಗ್ ನಿಮ್ಮ ಮುಖ್ಯ ಕೆಲಸವಾದರೆ ಜೂಕಿ ಡಿಎನ್‌ಯು-1541 ಅಥವಾ ಕಾನ್ಸ್ಯೂ 206ಆರ್‌ಬಿ ತರಹದ ಮಷಿನ್ ಸರಿಹೊಂದುತ್ತದೆ. ಟೆಕ್ಸ್ 70ರಿಂದ 135ರವರೆಗೆ ಇವು ನೆಮ್ಮದಿಯಾಗಿ ಹೊಲಿಯುತ್ತವೆ. ಟೆಕ್ಸ್ 270 ದಾರದಲ್ಲಿ 10 ಮಿಲಿಮೀಟರ್ ದಪ್ಪ ಹೊಲಿಯಬೇಕು ಎಂದರೆ ಅದು ಇವುಗಳ ಕೆಲಸವಲ್ಲ. ಅದಕ್ಕೆ ಜೂಕಿ ಟಿಎಸ್‌ಸಿ-441 ಮಾದರಿಯ ದೊಡ್ಡ ಮಷಿನ್ ಬೇಕು. ಕೌಬಾಯ್ 4500, ಕೋಬ್ರಾ ಕ್ಲಾಸ್ 4 ಇವೆಲ್ಲ ಅದೇ ವಿನ್ಯಾಸದವು. ಆದರೆ 441ರಲ್ಲಿ ತೆಳ್ಳಗಿನ ವಾಲೆಟ್ ಹೊಲಿಯಲು ಹೋದರೆ ಬೇಜಾರಾಗುತ್ತದೆ. ಅದರ ಸೂಜಿ ತೂತು, ಹಲ್ಲು, ಫುಟ್ ಎಲ್ಲವೂ ದೊಡ್ಡವು. ತೆಳು ಲೆದರ್ ತೂತಿನೊಳಕ್ಕೆ ಕುಸಿಯುತ್ತದೆ. ಬಟ್ಟೆಯ ಒಳಪದರದಿಂದ ಕುದುರೆ ಜೀನಿನವರೆಗೆ ಎಲ್ಲವನ್ನೂ ಹೊಲಿಯುವ ಒಂದೇ ಮಷಿನ್ ಇಲ್ಲ. ನಿಮ್ಮ ಪಟ್ಟಿಯಲ್ಲಿ ಯಾವುದರ ಆರ್ಡರ್ ಜಾಸ್ತಿಯೋ ಅದಕ್ಕೆ ತಕ್ಕ ಮಷಿನ್ ಮೊದಲು ಕೊಳ್ಳಿ. ದಪ್ಪ ಬೆಲ್ಟ್ ಅಪರೂಪಕ್ಕೆ ಬಂದರೆ ಅದನ್ನು ಕೈಯಲ್ಲೇ ಹೊಲಿಯಿರಿ. ಕೈ ಹೊಲಿಗೆ ನಿಮಗೆ ಬರುತ್ತದಲ್ವಾ, ಅದು ದೊಡ್ಡ ಅನುಕೂಲ.

ಮಷಿನ್‌ನ ಆಕಾರವೂ ಮುಖ್ಯ. ಚಪ್ಪಟೆ ಮೇಜಿನ ಫ್ಲಾಟ್‌ಬೆಡ್‌ನಲ್ಲಿ ವಾಲೆಟ್, ಬೆಲ್ಟ್, ಬ್ಯಾಗಿನ ಬಿಡಿ ಭಾಗಗಳು ಸಲೀಸು. ಬ್ಯಾಗಿನ ಪಕ್ಕದ ಪಟ್ಟಿ ಸೇರಿಸಿ ಡಬ್ಬಿಯಂತಾದ ಮೇಲೆ ಹೊಲಿಯಬೇಕೆಂದರೆ ತೋಳಿನಂತೆ ಚಾಚಿರುವ ಸಿಲಿಂಡರ್ ಆರ್ಮ್ ಮಷಿನ್ ಬೇಕು. ಕಂಬದ ಹಾಗೆ ಎತ್ತರವಿರುವ ಪೋಸ್ಟ್ ಬೆಡ್ ಶೂ ಮೇಲ್ಭಾಗಕ್ಕೆ, ಆಳವಾದ ಬ್ಯಾಗಿನ ಮೂಲೆಗಳಿಗೆ. ಬ್ಯಾಗೇ ಜಾಸ್ತಿ ಮಾಡುವವರಿಗೆ ನಾನು ಸಿಲಿಂಡರ್ ಆರ್ಮ್ ಹೇಳುತ್ತೇನೆ. ಅದಕ್ಕೆ ಚಪ್ಪಟೆ ಹಲಗೆ ಜೋಡಿಸಿಕೊಂಡು ಫ್ಲಾಟ್‌ಬೆಡ್ ತರಹ ಬಳಸಬಹುದು. ಫ್ಲಾಟ್‌ಬೆಡ್ಡನ್ನು ತೋಳು ಮಾಡಲು ಆಗುವುದಿಲ್ಲ. ಚಪ್ಪಲಿ ರಿಪೇರಿಯವರ ಹತ್ತಿರ ಇರುವ ಸಿಂಗರ್ 29ಕೆ ಮಷಿನ್ ನೋಡಿ ಆಸೆಪಡುವವರೂ ಇದ್ದಾರೆ. ಅದರ ಫುಟ್ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತದೆ, ರಿಪೇರಿಗೆ ಅದ್ಭುತ. ಆದರೆ ಬಾಬಿನ್ ಪುಟ್ಟದು, ನೀಟಾದ ಉದ್ದ ಹೊಲಿಗೆ ಹಾಕಲು ಅದು ಇರುವುದಲ್ಲ.

ಹಳೆಯ ಮಷಿನ್ ನೋಡಲು ಹೋಗುವಾಗ ನಿಮ್ಮದೇ ಲೆದರ್, ನಿಮ್ಮದೇ ದಾರ, ಹೊಸ ಸೂಜಿ ಒಯ್ಯಿರಿ. ಮಾರುವವರು ತೋರಿಸುವ ಬಟ್ಟೆ ತುಂಡಿನ ಮೇಲಿನ ಹೊಲಿಗೆ ನಿಮಗೆ ಏನನ್ನೂ ಹೇಳುವುದಿಲ್ಲ. ಮೊದಲು ಮೋಟರ್ ಆಫ್ ಮಾಡಿ ಚಕ್ರ ತಿರುಗಿಸಿ. ಒಂದೇ ಸಮ ತಿರುಗಬೇಕು, ಎಲ್ಲೂ ಕಚ್ಚಬಾರದು. ಸೂಜಿ ಹಿಡಿಯುವ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ ನೋಡಿ, ಸಡಿಲವಿದ್ದರೆ ಒಳಗಿನ ಬುಷ್ ಸವೆದಿದೆ ಎಂದರ್ಥ. ಸೂಜಿಯ ಕೆಳಗೆ ತಿರುಗುತ್ತಾ ದಾರವನ್ನು ಹಿಡಿಯುವ ಕೊಕ್ಕೆಗೆ ಹುಕ್ ಎನ್ನುತ್ತಾರೆ, ಅದರ ಮೊನೆಯನ್ನು ಟಾರ್ಚ್ ಬಿಟ್ಟು ನೋಡಿ. ಅದು ಚೂಪಾಗಿರಬೇಕು, ನಯವಾಗಿರಬೇಕು. ಮೊನೆ ಮುರಿದಿದ್ದರೆ ಅಥವಾ ಮೊಂಡಾಗಿದ್ದರೆ ಹುಕ್ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಸೇರಿಸಿಕೊಳ್ಳಿ. ಆಮೇಲೆ ಹತ್ತು ಹೊಲಿಗೆ ಮುಂದೆ ಹೊಲಿದು, ರಿವರ್ಸ್ ಲಿವರ್ ಒತ್ತಿ ಹಿಂದೆ ಬನ್ನಿ. ಸೂಜಿ ಅದೇ ತೂತುಗಳಿಗೆ ಇಳಿಯಬೇಕು. ಬಟ್ಟೆಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಲೆದರ್‌ನಲ್ಲಿ ಒಮ್ಮೆ ಬಿದ್ದ ತೂತು ಶಾಶ್ವತ. ಮೋಟರ್ ಮೂರು ಫೇಸಿನದಾ ಎಂದೂ ಕೇಳಿ. ಫ್ಯಾಕ್ಟರಿಯ ಮಷಿನ್‌ಗಳಲ್ಲಿ ಅದು ಸಾಮಾನ್ಯ, ಮನೆಯ ಸಿಂಗಲ್ ಫೇಸ್ ಲೈನಿಗೆ ಆಗುವುದಿಲ್ಲ. ಮೋಟರನ್ನು ಹೇಗೂ ಬದಲಾಯಿಸುವುದಾದರೆ ಅದಕ್ಕಾಗಿ ಒಳ್ಳೆಯ ಮಷಿನ್ ಬಿಡಬೇಡಿ.

ನೀವು ಕೇಳಿದ ಮೋಟರ್ ವಿಷಯಕ್ಕೆ ಬರುತ್ತೇನೆ. ಹಳೆಯ ಕ್ಲಚ್ ಮೋಟರ್ ಸ್ವಿಚ್ ಹಾಕಿದ ಕೂಡಲೇ ಪೂರ್ತಿ ವೇಗದಲ್ಲಿ ತಿರುಗುತ್ತಲೇ ಇರುತ್ತದೆ. ಪೆಡಲ್ ಒತ್ತಿದಾಗ ಆ ವೇಗ ಬೆಲ್ಟ್ ಮೂಲಕ ಮಷಿನ್‌ಗೆ ಸೇರುತ್ತದೆ. ಅದರಲ್ಲೂ ನಿಧಾನ ಹೊಲಿಯುವವರು ಇದ್ದಾರೆ, ಆದರೆ ಪಾದ ಪಳಗಲು ಸಮಯ ಬೇಕು. ಸರ್ವೋ ಮೋಟರ್ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಗರಿಷ್ಠ ವೇಗ ಇಷ್ಟೇ ಇರಲಿ ಎಂದು ಕಟ್ಟಿಹಾಕಬಹುದು. ಲೆದರ್ ಹೊಲಿಯುವವರಿಗೆ ಇದಕ್ಕಿಂತ ಉಪಯೋಗದ ಬದಲಾವಣೆ ಇನ್ನೊಂದಿಲ್ಲ. ಮೂಲೆಯಲ್ಲಿ ಒಂದೊಂದೇ ಹೊಲಿಗೆ ಹಾಕಿ ನಿಲ್ಲಿಸಲು ಆಗಬೇಕು, ಅದೇ ನಮ್ಮ ಕೆಲಸದ ಜೀವಾಳ.

ಆದರೆ ಸರ್ವೋ ಹಾಕಿದ ಮೇಲೂ ಒಂದು ತೊಂದರೆ ಉಳಿಯಬಹುದು. ತೀರಾ ನಿಧಾನದಲ್ಲಿ ಮೋಟರ್‌ಗೆ ಬಲ ಸಾಲದೆ ಸೂಜಿ ದಪ್ಪ ಲೆದರ್‌ನ ಮೇಲೆ ನಿಂತುಬಿಡುತ್ತದೆ. ಇದಕ್ಕೆ ದೊಡ್ಡ ಮೋಟರ್ ತರುವ ಮುಂಚೆ ಪುಲ್ಲಿ, ಅಂದರೆ ಬೆಲ್ಟ್ ಓಡುವ ಗಾಲಿ ನೋಡಿ. ಮೋಟರ್‌ನ ಪುಲ್ಲಿ 100 ಮಿಲಿಮೀಟರ್ ಇದ್ದು ಅದನ್ನು 50ಕ್ಕೆ ಇಳಿಸಿದರೆ ವೇಗ ಅರ್ಧವಾಗುತ್ತದೆ, ಚುಚ್ಚುವ ಬಲ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಬೆಲ್ಟ್ ಚಿಕ್ಕದು ತರಬೇಕಾಗುತ್ತದೆ, ಅಷ್ಟೇ. ಅದೂ ಸಾಲದಿದ್ದರೆ ಮೇಜಿನ ಕೆಳಗೆ ವೇಗವನ್ನು ಮೂರನೇ ಒಂದಕ್ಕೆ ಇಳಿಸುವ ಸ್ಪೀಡ್ ರೆಡ್ಯೂಸರ್ ಕೂರಿಸಿ. ಸೂಜಿ ಯಾವಾಗಲೂ ಕೆಳಗೇ ನಿಲ್ಲುವಂತೆ ಮಾಡುವ ನೀಡಲ್ ಪೊಸಿಷನರ್ ಬೇಕಿದ್ದರೆ ಒಂದು ಮಾತು ನೆನಪಿಡಿ. ಪುಲ್ಲಿಗಳ ಅಳತೆ ಬೇರೆ ಬೇರೆ ಇರುವಾಗ ಮೋಟರ್ ಎಷ್ಟು ತಿರುಗಿತು ಎಂಬುದರಿಂದ ಸೂಜಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಅದರ ಸೆನ್ಸರ್ ಮಷಿನ್‌ನ ಚಕ್ರದ ಬಳಿಯೇ ಇರಬೇಕು.

ಮೋಟರ್ ಆದ ಮೇಲೆ ನಾನು ಖರ್ಚು ಮಾಡುವುದು ಫುಟ್ ಮತ್ತು ಗೈಡ್ ಮೇಲೆ. ಮಷಿನ್ ಜೊತೆ ಬರುವ ಫುಟ್‌ಗೆ ಹಲ್ಲಿದ್ದರೆ ಲೆದರ್ ಮೇಲೆ ಅಚ್ಚು ಬೀಳುತ್ತದೆ, ತೊಗಟೆಯಂಥ ಸಸ್ಯದ ರಸದಲ್ಲಿ ಹದ ಮಾಡಿದ ವೆಜಿಟೆಬಲ್ ಟ್ಯಾನ್ ಲೆದರ್‌ನಲ್ಲಂತೂ ಅದು ಹೋಗುವುದೇ ಇಲ್ಲ. ನಯವಾದ ತಳದ ಫುಟ್ ತರಿಸಿ. ಅಂಚಿನಿಂದ ಒಂದೇ ದೂರದಲ್ಲಿ ಹೊಲಿಯಲು ರೋಲರ್ ಗೈಡ್ ಹಾಕಿಸಿ.

ಸೂಜಿಯ ಮೊನೆಯ ಬಗ್ಗೆ ಜನ ಯೋಚಿಸುವುದು ಕಡಿಮೆ. ಬಟ್ಟೆಯ ಸೂಜಿಗೆ ದುಂಡು ಮೊನೆ, ಅದು ಎಳೆಗಳ ನಡುವೆ ನುಸುಳುತ್ತದೆ. ಲೆದರ್ ಸೂಜಿಯ ಮೊನೆ ಕತ್ತರಿಸುತ್ತದೆ. ಎಲ್‌ಆರ್ ಮೊನೆ ಓರೆಯಾಗಿ ಸೀಳುವುದರಿಂದ ಹೊಲಿಗೆ ಸ್ವಲ್ಪ ವಾಲಿ ಕೂರುತ್ತದೆ, ಕೈಹೊಲಿಗೆಯ ನೋಟಕ್ಕೆ ಹತ್ತಿರ. ಎಸ್ ಮೊನೆ ಹೊಲಿಗೆಯ ಸಾಲಿನ ಉದ್ದಕ್ಕೇ ಸೀಳುತ್ತದೆ, ಉದ್ದ ಹೊಲಿಗೆಗೆ ಚೆನ್ನ, ದಾರ ನೇರವಾಗಿ ಒಳಗೆ ಕೂರುತ್ತದೆ. ಆದರೆ ಹೊಲಿಗೆ ತೀರಾ ಚಿಕ್ಕದಾದರೆ ಸೀಳುಗಳು ಒಂದಕ್ಕೊಂದು ಹತ್ತಿರವಾಗಿ, ಅಂಚೆಚೀಟಿ ಹರಿದ ಹಾಗೆ ಲೆದರ್ ಹರಿಯುತ್ತದೆ. ಬ್ಯಾಗ್‌ಗೆ 3ರಿಂದ 4 ಮಿಲಿಮೀಟರ್ ಇಡಿ. ಸೂಜಿ ಕೊಳ್ಳುವಾಗ ನಂಬರ್ ಜೊತೆಗೆ ಸಿಸ್ಟಮ್, ಅಂದರೆ ಯಾವ ಮಷಿನ್‌ಗೆ ಹೊಂದುವ ಮಾದರಿ ಎಂಬುದನ್ನೂ ಹೇಳಬೇಕು. 1541, 206ರಂಥವುಗಳಿಗೆ ಲೆದರ್ ಮೊನೆಯದು 135×16, ದುಂಡು ಮೊನೆಯದು 135×17. 441ಕ್ಕೆ 794. ಬೇರೆ ಸಿಸ್ಟಮ್‌ನ ಸೂಜಿಯ ಉದ್ದವೇ ಬೇರೆ, ಹೊಲಿಗೆ ಕೂರುವುದೇ ಇಲ್ಲ.

ದಾರ ಬಾಂಡೆಡ್ ನೈಲಾನ್ ಆಗಿರಲಿ. ಎಳೆಗಳನ್ನು ಅಂಟಿನಿಂದ ಸೇರಿಸಿರುವುದರಿಂದ ಹುಕ್‌ನಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಬಿಸಿಲಲ್ಲಿ ಇರುವ ವಸ್ತುವಾದರೆ ಬಾಂಡೆಡ್ ಪಾಲಿಯೆಸ್ಟರ್ ಹಾಕಿ, ನೈಲಾನ್ ಬಿಸಿಲಿಗೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ.

ನೋಡಿಕೊಳ್ಳುವುದು ಕಷ್ಟವಲ್ಲ, ತಪ್ಪದೆ ಮಾಡಬೇಕು ಅಷ್ಟೇ. ಕೆಲಸವಿರುವ ದಿನ ಬೆಳಿಗ್ಗೆ ಹುಕ್‌ನ ಸುತ್ತ ಬ್ರಷ್ ಆಡಿಸಿ ದಾರದ ಚೂರು ತೆಗೆಯಿರಿ, ಹುಕ್ ಜಾರುವ ಓಣಿಗೆ ಒಂದು ಹನಿ ಎಣ್ಣೆ ಬಿಡಿ. ಉಳಿದ ಎಣ್ಣೆ ತೂತುಗಳಿಗೂ ಒಂದೊಂದು ಹನಿ. ತೆಳ್ಳಗಿನ, ಬಣ್ಣವಿಲ್ಲದ ಹೊಲಿಗೆ ಮಷಿನ್ ಎಣ್ಣೆಯೇ ಬೇಕು. ಅಡುಗೆ ಎಣ್ಣೆ ಒಣಗಿ ಅಂಟಾಗುತ್ತದೆ, ತುಕ್ಕು ಬಿಡಿಸುವ ಸ್ಪ್ರೇ ಬೇಗ ಆರಿಹೋಗುತ್ತದೆ. ಎಣ್ಣೆ ಬಿಟ್ಟ ಮೇಲೆ ಬೇಡದ ಲೆದರ್ ತುಂಡಿನ ಮೇಲೆ ಒಂದಷ್ಟು ಹೊಲಿದು ನಂತರ ಆರ್ಡರ್ ಕೆಲಸ ಹಿಡಿಯಿರಿ. ಲೆದರ್‌ಗೆ ಬಿದ್ದ ಎಣ್ಣೆ ಕಲೆ ಹೋಗುವುದಿಲ್ಲ. ಅಂಟು ಹಚ್ಚಿದ್ದರೆ ಪೂರ್ತಿ ಒಣಗಲಿ, ಹಸಿ ಅಂಟು ಸೂಜಿಗೆ ಮೆತ್ತಿಕೊಂಡು ದಾರವನ್ನು ಹಿಡಿಯುತ್ತದೆ.

ದಾರ ಸಿಕ್ಕಿಕೊಂಡು ಮಷಿನ್ ಗಕ್ಕನೆ ನಿಂತರೆ ಬಲ ಹಾಕಿ ತಿರುಗಿಸಬೇಡಿ. 1541ಎಸ್‌ನಂಥ ಕೆಲವು ಮಷಿನ್‌ಗಳಲ್ಲಿ ಸೇಫ್ಟಿ ಕ್ಲಚ್ ಇರುತ್ತದೆ. ಸಿಕ್ಕಿಕೊಂಡಾಗ ಅದು ಹುಕ್ಕನ್ನು ಬಿಡಿಸಿ ಕಾಪಾಡುತ್ತದೆ. ಚಕ್ರ ತಿರುಗುತ್ತದೆ, ಹುಕ್ ತಿರುಗುವುದಿಲ್ಲ. ಹೊಸಬರು ಮಷಿನ್ ಕೆಟ್ಟಿತು ಎಂದುಕೊಳ್ಳುತ್ತಾರೆ. ಸಿಕ್ಕ ದಾರ ತೆಗೆದು, ಕ್ಲಚ್‌ನ ಗುಂಡಿ ಒತ್ತಿಕೊಂಡು ಚಕ್ರ ತಿರುಗಿಸಿದರೆ ಟಕ್ ಎಂದು ಮತ್ತೆ ಕೂರುತ್ತದೆ.

ಹೊಲಿಗೆ ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ ತಕ್ಷಣ ಟೈಮಿಂಗ್, ಅಂದರೆ ಸೂಜಿ ಮತ್ತು ಹುಕ್‌ನ ಹೊಂದಾಣಿಕೆ ಬಿಚ್ಚಬೇಡಿ. ಸೂಜಿ ತಳ ಮುಟ್ಟಿ 2ರಿಂದ 2.5 ಮಿಲಿಮೀಟರ್ ಮೇಲೇಳುವಾಗ ದಾರ ಕುಣಿಕೆಯಾಗುತ್ತದೆ, ಹುಕ್‌ನ ಮೊನೆ ಆ ಕುಣಿಕೆಯನ್ನು ಹಿಡಿಯಬೇಕು. ಕುಣಿಕೆ ಆಗದಿದ್ದರೆ ಹೊಲಿಗೆ ತಪ್ಪುತ್ತದೆ. ಆದ್ದರಿಂದ ಮೊದಲು ಹೊಸ ಸೂಜಿ ಹಾಕಿ. ಸೂಜಿಯ ಗುಳಿ ಇರುವ ಬದಿ ಹುಕ್ ಕಡೆಗೆ ಇದೆಯಾ, ಉದ್ದ ಗೆರೆಯ ಕಡೆಯಿಂದ ದಾರ ಪೋಣಿಸಿದ್ದೀರಾ ನೋಡಿ. ಸೂಜಿ ಮೇಲೇಳುವಾಗ ಲೆದರ್ ಕೂಡ ಅದರ ಜೊತೆ ಮೇಲೇಳುತ್ತಿದ್ದರೆ ಕುಣಿಕೆ ಆಗುವುದಿಲ್ಲ, ಫುಟ್‌ನ ಒತ್ತಡ ಸ್ವಲ್ಪ ಜಾಸ್ತಿ ಮಾಡಿ. ದಾರಕ್ಕೆ ಸೂಜಿ ಸಣ್ಣದಾಗಿದ್ದರೂ ಹೀಗೇ ಆಗುತ್ತದೆ. ಇವೆಲ್ಲ ಸರಿಯಿದ್ದೂ ಹೊಲಿಗೆ ತಪ್ಪಿದರೆ ಆಗ ಹುಕ್ ಮತ್ತು ಸೂಜಿಯ ನಡುವಿನ ಅಂತರ ನೋಡಿ. ಅದು ಕಾಗದದ ದಪ್ಪಕ್ಕಿಂತ ಜಾಸ್ತಿ ಇರಬಾರದು, ತಾಗಲೂಬಾರದು. 18ರ ಸೂಜಿಗೆ ಹೊಂದಿಸಿದ ಅಂತರಕ್ಕೆ 24ರ ಸೂಜಿ ಹಾಕಿದರೆ ಹುಕ್‌ನ ಮೊನೆ ಅದಕ್ಕೆ ಬಡಿಯುತ್ತದೆ. ಅದಕ್ಕೇ ದಾರವನ್ನು ಮೊದಲು ಗೊತ್ತು ಮಾಡಿಕೊಳ್ಳಿ ಎಂದದ್ದು.

ನೀವು ಹೊಲಿಯುವ ಲೆದರ್ ಎಲ್ಲಕ್ಕಿಂತ ದಪ್ಪ ಜಾಗದಲ್ಲಿ ಎಷ್ಟು ಮಿಲಿಮೀಟರ್, ಈಗ ಕೈಯಲ್ಲಿ ಯಾವ ದಾರ ಬಳಸುತ್ತಿದ್ದೀರಿ ಎಂದು ಕಾಮೆಂಟ್‌ನಲ್ಲಿ ಬರೆದರೆ ಯಾವ ಮಾದರಿ ಹುಡುಕಬೇಕು ಎಂದು ಇನ್ನೂ ಖಚಿತವಾಗಿ ಹೇಳುತ್ತೇನೆ.