ಆಟಗಾರನನ್ನು ತೆಗೆದುಕೊಳ್ಳಿ, ನಾಯಕನ ತೋಳುಪಟ್ಟಿ ಮಾತ್ರ ಕಟ್ಟಬೇಡಿ

ಗದಗ ಫುಟ್‌ಬಾಲ್ ತಂಡದ ಕಾರ್ಯದರ್ಶಿಗಳೇ, ರೆಫರಿಯನ್ನು ತಳ್ಳಿ ಅಮಾನತಾಗಿದ್ದ, ಎರಡು ತಂಡಗಳನ್ನು ಅರ್ಧಕ್ಕೇ ಬಿಟ್ಟುಹೋದ ಹುಬ್ಬಳ್ಳಿಯ ಆ ಸ್ಟ್ರೈಕರ್‌ನನ್ನು (ಗೋಲು ಹೊಡೆಯುವ ಮುಂಚೂಣಿ ಆಟಗಾರನನ್ನು) ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. ತೆಗೆದುಕೊಳ್ಳಿ. ಆದರೆ ಜವಾಬ್ದಾರಿ ಹೊರಿಸಿದರೆ ತಾನಾಗಿಯೇ ಸರಿಹೋಗುತ್ತಾನೆಂದು ನಾಯಕತ್ವವನ್ನೂ ಟೂರ್ನಿಯ ಪೂರ್ತಿ ಹಣವನ್ನೂ ಮೊದಲೇ ಕೊಡಲು ಹೊರಟಿರುವುದು ಖಂಡಿತ ತಪ್ಪು.

ನಮ್ಮ ಹಳೆಯ ತಂಡ ಇಂಥ ಹೊಸಬನೊಬ್ಬನನ್ನು ನಾಯಕನನ್ನಾಗಿ ಮಾಡಿ ಇದನ್ನೇ ಮಾಡಿತ್ತು. ಗೋಲುಗಳು ಬಂದವು, ಇಲ್ಲವೆನ್ನುವುದಿಲ್ಲ. ಆದರೆ ತಡವಾಗಿ ಬರುವ ಕಿರಿಯರನ್ನು ಪ್ರಶ್ನಿಸಬೇಕಾದವನೇ ಎಲ್ಲರಿಗಿಂತ ತಡವಾಗಿ ಬರುತ್ತಿದ್ದುದರಿಂದ ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರುವವರೇ ಇಲ್ಲದಂತಾಯಿತು. ವರ್ಷಗಟ್ಟಲೆ ರಕ್ಷಣಾ ಸಾಲನ್ನು ಹಿಡಿದು ನಿಲ್ಲಿಸಿದ್ದ ಹಳೆಯ ನಾಯಕ ಮನನೊಂದು ಬೇರೆ ತಂಡ ಸೇರಿದ. ಸೆಮಿಫೈನಲ್‌ನಲ್ಲಿ ಹೊಸಬನಿಗೆ ಕೆಂಪು ಕಾರ್ಡ್ ಬಿದ್ದಾಗ, ಅವನ ತೋಳು ಹಿಡಿದು ಹೊರಗೆ ಕರೆದೊಯ್ಯುವ ಧೈರ್ಯವಿದ್ದ ಹಿರಿಯನೊಬ್ಬನೂ ಮೈದಾನದಲ್ಲಿರಲಿಲ್ಲ. ನಾವು ಕಳೆದುಕೊಂಡದ್ದು ಆ ಪಂದ್ಯವನ್ನಲ್ಲ, ಆ ಹಳೆಯ ನಾಯಕನನ್ನು.

ಇಂಥವರನ್ನು ನಂಬಿ ಗೆಲ್ಲಬಹುದು ಎನ್ನಲು ಫ್ರಾನ್ಸಿನ ಆಟಗಾರ ಎರಿಕ್ ಕ್ಯಾಂಟೋನಾ ಅವರ ಉದಾಹರಣೆ ಕೊಡುವವರಿದ್ದಾರೆ; ಅದನ್ನು ಪೂರ್ತಿಯಾಗಿ ನೋಡಬೇಕು. ಫ್ರಾನ್ಸ್‌ನಲ್ಲಿ ಶಿಸ್ತು ಸಮಿತಿಯವರನ್ನೇ ಬೈದಿದ್ದ ಅವರನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ 1992ರ ನವೆಂಬರ್‌ನಲ್ಲಿ 12 ಲಕ್ಷ ಪೌಂಡ್ ಕೊಟ್ಟು ಲೀಡ್ಸ್ ಕ್ಲಬ್‌ನಿಂದ ಕರೆತಂದಿತು, ಆದರೆ ನಾಯಕನನ್ನಾಗಿ ಮಾಡಲಿಲ್ಲ. 1995ರ ಜನವರಿಯಲ್ಲಿ ಪ್ರೇಕ್ಷಕನೊಬ್ಬನನ್ನು ಒದ್ದು ಸೆಪ್ಟೆಂಬರ್ ಕೊನೆಯವರೆಗೆ ನಿಷೇಧ ಅನುಭವಿಸಿದರೂ ಕ್ಲಬ್ ಅವರ ಕೈಬಿಡಲಿಲ್ಲ. ನಾಯಕನ ತೋಳುಪಟ್ಟಿ ಕಾಯಂ ಆಗಿ ಬಂದದ್ದು 1996ರಲ್ಲಿ, ಅದೂ ಅಲ್ಲಿಯವರೆಗೆ ನಾಯಕರಾಗಿದ್ದ ಸ್ಟೀವ್ ಬ್ರೂಸ್ ತಂಡ ಬಿಟ್ಟ ಮೇಲೆ.

ಹಣವನ್ನು ಪಂದ್ಯಕ್ಕೆ ಇಷ್ಟೆಂದು ನಿಗದಿ ಮಾಡಿ. ಅಭ್ಯಾಸ ತಪ್ಪಿಸಿದವನು ಮುಂದಿನ ಪಂದ್ಯದಲ್ಲಿ ಬೆಂಚಿನ ಮೇಲೆ ಕೂರಬೇಕೆಂಬ ಷರತ್ತನ್ನು ಅವನಿಗೊಬ್ಬನಿಗೇ ಬರೆಯದೆ ಇಡೀ ತಂಡಕ್ಕೆ ಬರೆದು, ಅವನು ಸಹಿ ಹಾಕುವ ಮೊದಲು ಎಲ್ಲರೆದುರು ಓದಿಸಿ. ಅವನ ಹಳೆಯ ತಂಡದ ಮ್ಯಾನೇಜರ್ ಹೇಳುವುದನ್ನಷ್ಟೇ ನಂಬದೆ, ಅಲ್ಲಿನ ಗೋಲ್‌ಕೀಪರ್‌ನನ್ನು ವಿಚಾರಿಸಿ. ತೊಂದರೆ ಸಿಟ್ಟಿನದೋ, ಕುಡಿತದ್ದೋ, ಮನೆಯದೋ ಎಂಬುದು ಅವನಿಗೆ ಗೊತ್ತಿರುತ್ತದೆ. ಕುಡಿತವಾದರೆ ಮೇಲಿನ ಯಾವ ಷರತ್ತೂ ಸಾಲದು, ಚಿಕಿತ್ಸೆ ಬೇಕು. ಅಭ್ಯಾಸದ ಷರತ್ತನ್ನು ಮಾತ್ರ ತಕ್ಕ ಕಾರಣವಿದ್ದರೆ ಸಡಿಲಿಸಬಹುದು: ಕುಡಿತ ಮತ್ತು ಮೊಣಕಾಲು ನೋವು ಎರಡೂ ಇದ್ದ ಐರ್ಲೆಂಡಿನ ರಕ್ಷಣಾ ಆಟಗಾರ ಪಾಲ್ ಮೆಕ್‌ಗ್ರಾತ್ ಅವರನ್ನು 1989ರಲ್ಲಿ ಕೊಂಡ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಕ್ಲಬ್, ಕಾಲಿನ ಸಲುವಾಗಿ ಅಭ್ಯಾಸದಿಂದ ವಿನಾಯಿತಿ ಕೊಟ್ಟು ಆಡಿಸಿತು. 1993ರಲ್ಲಿ ಇಂಗ್ಲೆಂಡಿನ ಸಹ ಆಟಗಾರರೇ ಅವರನ್ನು ವರ್ಷದ ಆಟಗಾರನೆಂದು ಆರಿಸಿದರು. ಅಂಥ ವಿನಾಯಿತಿ ಕೊಡುವುದಾದರೆ ಕಾರಣವನ್ನು ತಂಡಕ್ಕೆ ಬಿಡಿಸಿ ಹೇಳಿ.

ಅಮಾನತಿನ ಅವಧಿ ಮುಗಿದಿದೆಯೇ ಎಂಬುದನ್ನು ಲಿಖಿತವಾಗಿ ಪಡೆಯದೆ, ಅವನ ಹಳೆಯ ತಂಡದ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ಕೈಗೆ ಬಾರದೆ ಅವನನ್ನು ಮೈದಾನಕ್ಕಿಳಿಸಬೇಡಿ. ಗೆದ್ದ ಪಂದ್ಯವೂ ಎದುರಾಳಿಯ ಪಾಲಾದೀತು. ಅವನು ಕೇಳಿದನೆಂದು ನೈಕಿ ಬೂಟನ್ನೂ ಕೊಡಿಸಬೇಡಿ. ನಮ್ಮ ಕಡೆಯ ಗಟ್ಟಿ ನೆಲಕ್ಕೆ ನಿವಿಯಾ ಕಂಪನಿಯ, ಅಡಿಯಲ್ಲಿ ರಬ್ಬರ್ ಗುಬ್ಬಿಗಳಿರುವ ಬೂಟು ಧಾರಾಳವಾಗಿ ಸಾಕು, ಕೊಡಿಸುವುದಾದರೆ ಹನ್ನೊಂದು ಮಂದಿಗೂ ಕೊಡಿಸಿ. ಹಳದಿ ಕಾರ್ಡ್ ಬಿದ್ದ ದಿನ ಅವನು ಎಷ್ಟೇ ಚೆನ್ನಾಗಿ ಆಡುತ್ತಿದ್ದರೂ ವಿರಾಮದ ಹೊತ್ತಿಗೆ ಹೊರಗೆ ಕರೆಸಿಕೊಳ್ಳಿ, ಆಗ ಅವನ ಬದಲು ಆಡಿಸಲು ಬೇಕಾಗುವ ನಿಮ್ಮ ಈಗಿನ ಸ್ಟ್ರೈಕರ್‌ನನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.